ಆರು ಗಂಟೆಯ ಮದ್ದು

ರಕ್ತದ ಕಲೆಗೆ ಬಿಸಿನೀರು ಹಾಕಬಾರದು. ಹಾಕಿದರೆ ಕಚ್ಚಿಕೊಳ್ಳುತ್ತದೆ. ತಣ್ಣೀರಿನಲ್ಲಿ ನೆನೆಸಿ ಆಮೇಲೆ ಉಜ್ಜಬೇಕು. ಕೀವಿಗೆ ಸೋಡಾ. ಔಷಧಿಯ ಹಳದಿ ಕಲೆಗೆ ಬ್ಲೀಚು. ಇಪ್ಪತ್ತೊಂದು ವರ್ಷದಲ್ಲಿ ನಾನು ಕಲಿತ ವಿದ್ಯೆ ಇಷ್ಟೇ. ಸರ್ಕಾರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಚಾದರ ಒಗೆಯುವವಳು ನಾನು. ಯಂತ್ರಗಳು ಎರಡಿವೆ. ಒಂದು ಕೆಟ್ಟಿರುತ್ತದೆ. ಇನ್ನೊಂದು ಕೆಡುವುದರಲ್ಲಿರುತ್ತದೆ. ಉಳಿದದ್ದು ನಮ್ಮ ಕೈ. ಬ್ಲೀಚು ತಿಂದು ತಿಂದು ನನ್ನ ಬೆರಳಿನ ಗೆರೆಗಳೇ ಹೋಗಿವೆ. ಹಾಜರಿಯ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಅದು ನನ್ನನ್ನು ಮನುಷ್ಯಳೆಂದೇ ಒಪ್ಪುವುದಿಲ್ಲ.

ಆದರೆ ಹೇಳಹೊರಟದ್ದು ನನ್ನ ವಿಷಯವಲ್ಲ. ನನ್ನ ತಮ್ಮನದು.

ಅವನನ್ನು ಎಲ್ಲರೂ ಗಳ ಎನ್ನುತ್ತಿದ್ದರು. ಬಿದಿರಿನ ಗಳದಷ್ಟು ಉದ್ದ. ತಲೆ ಬಗ್ಗಿಸದೆ ನಮ್ಮ ಮನೆಯೊಳಗೆ ಬಂದವನೇ ಅಲ್ಲ. 'ನಿಂಗೆ ಹೆಣ್ಣು ಸಿಕ್ಕಿದ್ರೆ ಸಾಲ್ದು ಕಣೋ, ಅವಳಿಗೊಂದು ಏಣೀನೂ ಸಿಗ್ಬೇಕು' ಎಂದು ನಾನು ರೇಗಿಸುತ್ತಿದ್ದೆ. ಅಮ್ಮ ಹೋದಾಗ ಅವನಿಗೆ ಆರು, ನನಗೆ ಹದಿನಾಲ್ಕು. ಅವನ ಮೂಗು ಒರೆಸಿದ್ದು, ಹೇನು ತೆಗೆದದ್ದು, ಹೊಡೆದದ್ದು, ಅಳು ನಿಲ್ಲಿಸಿದ್ದು ಎಲ್ಲ ನಾನೇ. ಹೆರಲಿಲ್ಲ, ಅಷ್ಟೇ.

ಹತ್ತೊಂಬತ್ತಕ್ಕೆ ಸಿಮೆಂಟ್ ಗೋದಾಮು ಸೇರಿದ. ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ. ಐವತ್ತು ಕಿಲೋ ಮೂಟೆ ಬೆನ್ನ ಮೇಲೆ. ಉದ್ದನೆಯ ಆಳಿಗೆ ಮೂಟೆ ಹೊರುವುದು ಗಿಡ್ಡನೆಯವರಿಗಿಂತ ಕಷ್ಟ. ಅವನು ಹೆಚ್ಚು ಬಗ್ಗಬೇಕು. ಇಪ್ಪತ್ತೇಳನೇ ವಯಸ್ಸಿಗೆ ಒಂದು ದಿನ ಬಗ್ಗಿದವನಿಗೆ ಮೇಲೇಳಲಾಗಲಿಲ್ಲ. ಸೊಂಟದಲ್ಲಿ ಒಣಕಟ್ಟಿಗೆ ಮುರಿದ ಹಾಗೆ ಶಬ್ದವಾಯಿತಂತೆ. ಲಾರಿ ಕಾಯುತ್ತಿತ್ತು. ಮೇಸ್ತ್ರಿ ಜೇಬಿನಿಂದ ಮಾತ್ರೆ ತೆಗೆದ.

'ನುಂಗು. ಅರ್ಧ ಗಂಟೇಲಿ ಕುದುರೆ ಆಗ್ತೀಯ.'

ಕುದುರೆಯಾದ. ಕುದುರೆಗಾದರೂ ಸಂಜೆಗೆ ಜೀನು ಇಳಿಸುತ್ತಾರೆ. ಮರುದಿನವೂ ಲಾರಿ ಬಂತು, ಮರುದಿನವೂ ಮಾತ್ರೆ ಬಂತು. ಆ ಗೋದಾಮಿನಲ್ಲಿ ಮೇಸ್ತ್ರಿ ಎಲ್ಲರಿಗೂ ಕೊಡುತ್ತಿದ್ದ. ಟೀ ಕೊಟ್ಟ ಹಾಗೆ. ಯಾರೂ ರಜೆ ಕೇಳುತ್ತಿರಲಿಲ್ಲ, ಯಾರೂ ಅಯ್ಯೋ ಎನ್ನುತ್ತಿರಲಿಲ್ಲ. ಒಂದು ಎರಡಾಯಿತು, ಎರಡು ಆರಾಯಿತು. ಕೊನೆಗೆ ಮಾತ್ರೆ ಸಾಲದೆ ಸೂಜಿಗೆ ಬಂದ.

ಆಮೇಲಿನದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಪಾತ್ರೆ ಮಾರಿದ. ನನ್ನ ಓಲೆ ಮಾರಿದ. ಮದುವೆಯಾಗಿತ್ತು, ಒಂದು ಹೆಣ್ಣು ಮಗುವಿತ್ತು. ಮಗುವಿನ ಶಾಲೆಯ ಬೂಟನ್ನೂ ಬಿಡಲಿಲ್ಲ. ಹೆಂಡತಿ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಅವಳನ್ನು ನಾನು ಬೈಯಲಿಲ್ಲ. ಅವನನ್ನು ಪೊರಕೆಯಲ್ಲಿ ಹೊಡೆದೆ. ಒಳಗೆ ಹಾಕಿ ಬೀಗ ಜಡಿದೆ. ಗೋಡೆಗೆ ತಲೆ ಚಚ್ಚಿಕೊಂಡ. ಮೂರನೆಯ ದಿನ ಬೀಗ ತೆಗೆದೆ. ಬೀದಿಯಲ್ಲಿ ಜನ ಅವನನ್ನು ಕಂಡರೆ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಳ್ಳುತ್ತಿದ್ದರು. ನಾನು ಜೊತೆಗಿದ್ದರೂ ಅಷ್ಟೇ. ಪೊಲೀಸರು ಎರಡು ಸಲ ಹಿಡಿದರು, ಬೂಟುಗಾಲಲ್ಲಿ ಒದ್ದು ಬಿಟ್ಟರು. ಮೇಸ್ತ್ರಿಯನ್ನು ಯಾರೂ ಹಿಡಿಯಲಿಲ್ಲ.

ಬಸ್ಸು ರಿಪೇರಿ ಮಾಡುವ ಶೆಡ್ಡಿನ ಹಿಂದೆ ಎರಡು ಕೋಣೆಯ ಒಂದು ಜಾಗವಿತ್ತು. ಸರ್ಕಾರದ ಅನುದಾನದಲ್ಲಿ ನಡೆಯುತ್ತಿತ್ತು. ಒಂದು ಮೇಜು, ಒಂದು ಉದ್ದ ಬೆಂಚು, ಎರಡು ಬೀಗದ ಕಬ್ಬಿಣದ ಬೀರು. ಅದನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ನರ್ಸಮ್ಮ ಎನ್ನುತ್ತಿದ್ದರು. ದಪ್ಪ ಕನ್ನಡಕ, ಊದಿದ ಕಾಲು, ಗಂಡಸಿನ ಧ್ವನಿ. ತಮ್ಮನನ್ನು ನಾನು ಅಂಗಿ ಹಿಡಿದು ಅಲ್ಲಿಗೆ ಎಳೆದುಕೊಂಡು ಹೋದೆ. ಅವನ ತೋಳಿನಲ್ಲಿ ನಿಂಬೆಹಣ್ಣಿನ ಗಾತ್ರದ ಕುರು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಕುರು ಕೊಯ್ದು ತೊಳೆಯುತ್ತ, 'ಬೆನ್ನು ಇನ್ನೂ ನೋಯುತ್ತಾ?' ಎಂದು ಕೇಳಿದಳು.

ತಮ್ಮ ಗೊಳೋ ಎಂದು ಅತ್ತುಬಿಟ್ಟ. ಅಷ್ಟು ವರ್ಷದಲ್ಲಿ ಅವನ ಬೆನ್ನಿನ ವಿಷಯ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

'ನೋಡಮ್ಮ,' ಎಂದಳು ನನಗೆ. 'ನಾನು ಕೊಡೋದು ವಾಸಿ ಮಾಡೋ ಮದ್ದಲ್ಲ, ಹಿಡಿದಿಟ್ಕೊಳ್ಳೋ ಮದ್ದು. ದಿನಾ ಬರ್ಬೇಕು. ಒಂದಿನ ತಪ್ಪಿದ್ರೂ ಮೈ ಅವನ ಮಾತು ಕೇಳಲ್ಲ. ಸಕ್ಕರೆ ಕಾಯಿಲೆಯೋರು ದಿನಾ ತಗೊಳ್ಳಲ್ವಾ? ಅವ್ರನ್ನ ಯಾರಾದ್ರೂ ಕಳ್ಳರು ಅಂತಾರಾ?'

ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತಿದ್ದಳು. ಕೂಲಿಗೆ ಹೋಗುವವರು ಏಳಕ್ಕೆ ಕೆಲಸದಲ್ಲಿರಬೇಕು ಎಂದು. ಮಾತ್ರೆಯನ್ನು ಪುಡಿಮಾಡಿ ಅವರವರ ನಾಲಿಗೆಯಡಿ ಇಡುತ್ತಿದ್ದಳು. ಅದು ಕರಗುವವರೆಗೆ ಮಾತಾಡುವಂತಿಲ್ಲ, ಉಗುಳು ನುಂಗುವಂತಿಲ್ಲ. ಮೂವತ್ತು ಗಂಡಸರು, ನಾಲ್ವರು ಹೆಂಗಸರು ಬಾಯಿ ಮುಚ್ಚಿ ಸಾಲಾಗಿ ಕೂರುತ್ತಿದ್ದರು. 'ಜಗತ್ತಲ್ಲಿ ಎಲ್ಲೂ ಇಷ್ಟು ಶಿಸ್ತಿನ ಶಾಲೆ ಇಲ್ಲ ಕಣಕ್ಕ' ಎನ್ನುತ್ತಿದ್ದ ತಮ್ಮ.

ಅಷ್ಟಕ್ಕೇ ಅವಳು ಸುಮ್ಮನಾಗುತ್ತಿರಲಿಲ್ಲ. ವಾರಕ್ಕೊಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಗೋದಾಮುಗಳ ಸಾಲಿಗೆ ಹೋಗಿ ಹಮಾಲರ ನಡುವೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಯಾವ ಮಾತ್ರೆ ಏನು ಮಾಡುತ್ತದೆ, ಯಾವುದನ್ನು ಮುಟ್ಟಬಾರದು ಎಂದು ಹೇಳುತ್ತಿದ್ದಳು. ಅವಳ ಮಾತು ಕೇಳಿ ಮೂರು ಗೋದಾಮಿನವರು ಮಾತ್ರೆ ಬೇಡವೆಂದರು. ಮೇಸ್ತ್ರಿಗಳು ಅವಳ ಮೇಲೆ ಹಲ್ಲು ಕಡಿಯುತ್ತಿದ್ದರು.

ಹದಿನಾಲ್ಕು ತಿಂಗಳು. ತಮ್ಮನ ಕೆನ್ನೆ ತುಂಬಿತು. ನರ್ಸಮ್ಮ ಗೋದಾಮಿನ ಯಜಮಾನನ ಹತ್ತಿರ ಜಗಳವಾಡಿ ಅವನಿಗೆ ಮೂಟೆ ಬಿಡಿಸಿ ತೂಕದ ಯಂತ್ರದ ಕೆಲಸಕ್ಕೆ ಹಾಕಿಸಿದಳು. ಮನೆಯ ನಲ್ಲಿ ಸರಿಮಾಡಿದ. ನನಗೆ ಜ್ವರ ಬಂದಾಗ ಮೂರು ದಿನ ಅಡುಗೆ ಮಾಡಿದ. ಬಾಯಿಗಿಡುವ ಹಾಗಿರಲಿಲ್ಲ, ಆದರೂ ಬಾಚಿ ತಿಂದೆ. ಒಂದು ಭಾನುವಾರ ಹೆಂಡತಿ ಮಗುವನ್ನು ಕರೆದುಕೊಂಡು ಬಂದಳು. ಮಗು ಮೊದಲು ನನ್ನ ಸೆರಗಿನ ಹಿಂದೆ ನಿಂತಿತ್ತು. ಸಂಜೆ ಹೊರಡುವಾಗ ಅವನ ಹೆಗಲ ಮೇಲಿತ್ತು. ಅಷ್ಟು ಎತ್ತರದಿಂದ ಇಳಿಯಲು ಒಪ್ಪಲಿಲ್ಲ. ಶಾಲೆಯ ವರ್ಷ ಮುಗಿದ ಮೇಲೆ ವಾಪಸು ಬರುತ್ತೇನೆ ಎಂದಳು ಅವಳು.

ಶಾಲೆಯ ವರ್ಷ ಮುಗಿಯುವ ಮೊದಲೇ ನರ್ಸಮ್ಮನ ಜಾಗದ ಬಾಗಿಲಿಗೆ ಒಂದು ಕಾಗದ ಅಂಟಿಸಿದರು.

ನರ್ಸಮ್ಮನಿಗೆ ಐದು ತಿಂಗಳಿಂದ ಸಂಬಳ ಬಂದಿರಲಿಲ್ಲ ಎನ್ನುವುದು ನಮಗೆ ಆಗಲೇ ಗೊತ್ತಾದದ್ದು. ಯಾರಿಗೂ ಹೇಳಿರಲಿಲ್ಲ. ಅನುದಾನ ನಿಲ್ಲಿಸಿದ್ದಾರೆ, ಇದನ್ನು ದೊಡ್ಡ ಕೇಂದ್ರದೊಳಗೆ ಸೇರಿಸಿದ್ದಾರೆ ಎಂದು ಕಾಗದದಲ್ಲಿತ್ತು. ದೊಡ್ಡ ಕೇಂದ್ರ ಊರಾಚೆ. ಎರಡು ಬಸ್ಸು. ತೆಗೆಯುವುದು ಹತ್ತಕ್ಕೆ. ಮೊದಲ ದಿನ ವಿಳಾಸದ ದಾಖಲೆ ಕೇಳಿದರು. ಎರಡನೆಯ ದಿನ ಹೊಸ ಪರೀಕ್ಷೆ. ಮೂರನೆಯ ದಿನ ವೈದ್ಯರು ರಜೆ. ನಾಲ್ಕನೆಯ ದಿನ ಮದ್ದು ಸಿಕ್ಕಿತು. ಅವನು ಗೋದಾಮಿಗೆ ಬಂದಾಗ ಮಧ್ಯಾಹ್ನ ಎರಡು.

ಹೀಗೆ ಒಂಬತ್ತು ದಿನ ಓಡಾಡಿದ. ಮೇಸ್ತ್ರಿ ಹೇಳಿದನಂತೆ, 'ಮದ್ದು ಬೇಕೋ ಕೆಲಸ ಬೇಕೋ, ಒಂದು ಹೇಳು. ತೂಕದ ಕೆಲಸಕ್ಕೆ ಬೇರೆಯವನು ಬಂದಿದಾನೆ. ನಿಂಗೆ ಮೂಟೆ ಇದೆ.'

ನಾನು ಅರ್ಧ ದಿನ ರಜೆ ಹಾಕಿ ಇಲಾಖೆಯ ಕಚೇರಿಗೆ ಹೋದೆ. ಮೂರು ಗಂಟೆ ಗೋಡೆಗೆ ಒರಗಿ ನಿಂತೆ. ಕುರ್ಚಿಗಳಿದ್ದವು. ಕೂತರೆ ಎಬ್ಬಿಸುತ್ತಾರೆ ಎಂಬ ಭಯ. ಅಧಿಕಾರಿ ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು. ಅವನು ನನಗೆ ನೀರು ತರಿಸಿದ.

'ಕೂತ್ಕೊಳ್ಳಿ ಅಮ್ಮ. ಏನು ವಿಷ್ಯ?'

'ಬಸ್ ಶೆಡ್ ಹಿಂದಿನ ಆಸ್ಪತ್ರೆ ಬಾಗಿಲು ತೆಗೆಸಿ ಸಾರ್. ನನ್ ತಮ್ಮನಿಗೆ ಬೆಳಿಗ್ಗೆ ಆರಕ್ಕೆ ಮದ್ದು ಬೇಕು.'

'ಅದು ಮುಚ್ಚಿಲ್ಲಮ್ಮ. ವಿಲೀನ ಆಗಿದೆ.'

'ಬೀಗ ಹಾಕಿದೆ ಸಾರ್.'

'ಹೌದು, ಬೀಗ ಹಾಕಿದೆ. ಆದ್ರೆ ಸೇವೆ ಇದೆ. ಬೇರೆ ಕಡೆ ಇದೆ.'

'ಅಲ್ಲಿಗೆ ಹೋದ್ರೆ ಕೂಲಿ ಹೋಗುತ್ತೆ. ಕೂಲಿಗೆ ಹೋದ್ರೆ ಮದ್ದು ಹೋಗುತ್ತೆ. ಯಾವುದು ಬಿಡಬೇಕು ಅಂತ ನೀವೇ ಹೇಳಿ.'

ಅವನು ಕನ್ನಡಕ ತೆಗೆದು ಒರೆಸಿದ. 'ನನ್ನ ಕೈಲಿ ಏನಿದೆ ಅಮ್ಮ? ಮೇಲಿನ ತೀರ್ಮಾನ. ಈಗ ಒತ್ತು ಎಲ್ಲ ತಡೆಗಟ್ಟೋದಕ್ಕೆ. ಚಟಕ್ಕೆ ಬೀಳೋ ಮೊದಲೇ ಜನರನ್ನ ಎಚ್ಚರಿಸ್ಬೇಕು ಅಂತ.'

'ಆ ನರ್ಸಮ್ಮ ಅದನ್ನೇ ತಾನೆ ಮಾಡ್ತಿದ್ದಿದ್ದು? ಗೋದಾಮಿಗೆ ಹೋಗಿ ಹೇಳ್ತಿದ್ರಲ್ಲ.'

'ಅದಕ್ಕೆ ಲೆಕ್ಕ ಇಲ್ಲಮ್ಮ. ಎಷ್ಟು ಜನ ಚಟಕ್ಕೆ ಬೀಳಲಿಲ್ಲ ಅಂತ ಹೇಗೆ ತೋರಿಸೋದು? ಫಲಕ ಹಾಕಿದ್ರೆ ಇಷ್ಟು ಫಲಕ ಅಂತ ತೋರಿಸಬಹುದು.'

ಹೊರಗೆ ಬಂದೆ. ಕಚೇರಿಯ ಎದುರಿನ ಕಟ್ಟಡದ ಮೇಲೆ ಮನೆಯಷ್ಟು ದೊಡ್ಡ ಫಲಕವಿತ್ತು. ಅದರಲ್ಲಿ ಒಬ್ಬ ಮಂತ್ರಿ ನಗುತ್ತಿದ್ದ. ಕೆಳಗೆ, 'ನಶೆ ಬಿಡಿ, ಬದುಕು ಹಿಡಿ.' ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎನ್ನುವುದು ಇದಕ್ಕೇ. ಆ ಫಲಕಕ್ಕೆ ಇಡೀ ದಿನ ದೀಪ ಉರಿಯುತ್ತಿತ್ತು.

ತಮ್ಮ ಮೂಟೆಗೆ ಮರಳಿದ. ಮೊದಲ ವಾರ ಬೆನ್ನು ಹಿಡಿದುಕೊಂಡು ಬಂದು ನೆಲದ ಮೇಲೆ ಅಂಗಾತ ಮಲಗುತ್ತಿದ್ದ. ನಾನು ಎಣ್ಣೆ ಕಾಯಿಸಿ ತಿಕ್ಕುತ್ತಿದ್ದೆ. ಮೈ ಬೆವರುತ್ತಿತ್ತು, ಕಾಲು ತಾನಾಗಿಯೇ ಅದುರುತ್ತಿತ್ತು. ನನ್ನ ಕೈ ಹಿಡಿದು ಹೇಳಿದ, 'ಅಕ್ಕ, ನಾನು ತಡ್ಕೊಳ್ತಿದೀನಿ. ನೀನು ನಂಬು.'

'ನಂಬ್ತೀನಿ ಕಣೋ.'

'ನಂಬಿದ ಹಾಗೆ ಕಾಣ್ತಿಲ್ಲ. ಪಾತ್ರೆ ಎಲ್ಲ ಎಣಿಸಿ ಇಡ್ತಿದೀಯ.'

ನಿಜ. ಎಣಿಸುತ್ತಿದ್ದೆ. ಅವನು ನಕ್ಕ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಹತ್ತೊಂಬತ್ತು ದಿನ ತಡೆದುಕೊಂಡ. ಮದ್ದಿಲ್ಲದೆ, ಮೂಟೆ ಹೊತ್ತುಕೊಂಡು. ಇದನ್ನು ಯಾವ ಫಲಕದಲ್ಲೂ ಹಾಕುವುದಿಲ್ಲ.

ಇಪ್ಪತ್ತನೆಯ ದಿನ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ತುರ್ತು ಚಿಕಿತ್ಸೆಯ ವಾರ್ಡಿನಿಂದ ಚಾದರಗಳ ಗಂಟು ಬಂತು. ಬಿಚ್ಚಿದೆ. ಒಂದು ಚಾದರದ ತುಂಬ ಬೂದು ಬಣ್ಣದ ಪುಡಿ. ಸಿಮೆಂಟು. ಉದ್ದಕ್ಕೆ ಒಂದು ಬೆನ್ನಿನ ಗುರುತು. ಭುಜ, ಸೊಂಟ, ಎಲ್ಲ ಅಚ್ಚೊತ್ತಿದ ಹಾಗೆ. ಸಿಮೆಂಟು ಯಂತ್ರಕ್ಕೆ ಹೋದರೆ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ತಾಕುವ ಮೊದಲೇ ಕೊಡವಬೇಕು. 'ಯಾವನಪ್ಪ ಇವನು, ಗೋದಾಮನ್ನೇ ಹೊತ್ಕೊಂಡು ಬಂದಿದಾನೆ' ಎಂದು ಗೊಣಗಿದೆ. ಹಿತ್ತಲ ಬಾಗಿಲಿಗೆ ಹೋಗಿ ಜಾಡಿಸಿದೆ. ಪುಡಿ ಗಾಳಿಗೆ ಹಾರಿತು, ಕಣ್ಣಿಗೆ ಬಿತ್ತು. ಬ್ರಷ್ಷಿನಿಂದ ಉಜ್ಜಿದೆ. ತಣ್ಣೀರಿನಲ್ಲಿ ಎರಡು ಸಲ, ಸೋಪಿನಲ್ಲಿ ಒಂದು ಸಲ. ಬಿಳಿ ಮಾಡಿ ತಂತಿಯ ಮೇಲೆ ಹರವಿದೆ.

ಆಗ ಶವಾಗಾರದ ಕೆಲಸದವನು ಮೆಟ್ಟಿಲಿಳಿದು ಬಂದ. ಅವನು ಯಾವಾಗಲೂ ಶಿಳ್ಳೆ ಹಾಕುತ್ತ ಬರುವವನು. ಅವತ್ತು ಹಾಕಲಿಲ್ಲ.

'ಅಕ್ಕ, ನಿನ್ ತಮ್ಮ ಉದ್ದಕ್ಕಿದಾನಲ್ವಾ?'

ತಂತಿ ಬಿಟ್ಟು ಅವನ ಕಡೆಗೆ ತಿರುಗಿದೆ.

'ಮೇಲೆ ಬಾ,' ಎಂದ. 'ಟ್ರಾಲಿ ಸಾಲ್ತಿಲ್ಲ. ಕಾಲು ಹೊರಗೆ ಬರ್ತಿದೆ.'

ಮೂಟೆ ರಾಶಿಯ ಹಿಂದೆ ಬಿದ್ದಿದ್ದನಂತೆ. ಪಕ್ಕದಲ್ಲಿ ಸೂಜಿ. ನರ್ಸಮ್ಮ ಆಮೇಲೆ ನನಗೆ ಬಿಡಿಸಿ ಹೇಳಿದಳು. ಬಿಟ್ಟು ಬಹಳ ದಿನವಾದ ಮೈಗೆ ಹಳೆಯ ಅಳತೆ ವಿಷ. ಹಿಂದೆ ತಡೆಯುತ್ತಿದ್ದಷ್ಟನ್ನೇ ತೆಗೆದುಕೊಂಡಿದ್ದಾನೆ. ಮೈ ಅದನ್ನು ಮರೆತಿತ್ತು. 'ಕೆಟ್ಟು ಸಾಯ್ಲಿಲ್ಲ ಅವನು,' ಎಂದಳು. 'ಬಿಟ್ಟಿದ್ದಕ್ಕೇ ಸತ್ತ.' ಅಷ್ಟು ಹೇಳಿ ಅವಳು ತನ್ನ ದಪ್ಪ ಕನ್ನಡಕ ಕಳಚಿ ಮಡಿಲಿಗೆ ಹಾಕಿಕೊಂಡಳು. ಬಹಳ ಹೊತ್ತು ಹಾಕಿಕೊಳ್ಳಲಿಲ್ಲ.

ತಂತಿಯ ಮೇಲಿನ ಚಾದರ ಯಾವುದು ಎಂದು ನಾನು ಮತ್ತೆ ಹುಡುಕಿದೆ. ನಲವತ್ತು ಚಾದರ, ಎಲ್ಲ ಒಂದೇ ಬಿಳಿ. ಅವನ ಬೆನ್ನಿನ ಗುರುತನ್ನು ನಾನೇ ನನ್ನ ಕೈಯಾರೆ ಅಳಿಸಿದ್ದೆ.

ಹನ್ನೊಂದನೆಯ ದಿನ ಕೆಲಸಕ್ಕೆ ಹೋದೆ. ನಮ್ಮಂಥ ಗುತ್ತಿಗೆ ಕೆಲಸದವರಿಗೆ ಅದಕ್ಕಿಂತ ಹೆಚ್ಚು ದಿನ ಸೂತಕವಿಲ್ಲ. ಮಧ್ಯಾಹ್ನ ಮೇಲ್ವಿಚಾರಕ ಒಂದು ಗಂಟು ತಂದು ನನ್ನ ಮುಂದೆ ಹಾಕಿದ. ಬಿಚ್ಚಿದರೆ ಎಂಟು ಮೊಳದ ಬಟ್ಟೆಯ ಬ್ಯಾನರು. ಕೆಸರಾಗಿತ್ತು. 'ನಶೆ ಬಿಡಿ, ಬದುಕು ಹಿಡಿ.' ಜೊತೆಗೆ ಐವತ್ತು ಟೋಪಿ.

'ನಾಳಿದ್ದು ಮೆರವಣಿಗೆ. ಒಗೆದು ಇಸ್ತ್ರಿ ಮಾಡ್ಬೇಕು. ಆಸ್ಪತ್ರೆ ಗುತ್ತಿಗೆಯೋರು ಎಲ್ಲ ನಡೀಬೇಕು ಅಂತ ಆದೇಶ.' ದನಿ ತಗ್ಗಿಸಿದ. 'ನೀನು ಮುಂದೆ ಇರ್ಬೇಕಂತೆ, ಬ್ಯಾನರ್ ಹಿಡ್ಕೊಂಡು. ನೊಂದ ಕುಟುಂಬ ಅಂತ. ಫೋಟೋ ತೆಗೀತಾರೆ. ನಿಂಗೂ ಒಳ್ಳೇದಾಗುತ್ತೆ, ಕಾಯಂ ಆಗಬಹುದು.'

ನಾನು ಬ್ಯಾನರನ್ನು ಕೈಯಲ್ಲಿ ಹಿಡಿದಿದ್ದೆ. ಒಳ್ಳೆಯ ಬಟ್ಟೆ. ವಾರ್ಡಿನ ಚಾದರಕ್ಕಿಂತ ದಪ್ಪ.

'ಒಗೆಯಲ್ಲ,' ಎಂದೆ.

'ಏನಂದೆ?'

'ಇದನ್ನ ಒಗೆಯಲ್ಲ ಸಾರ್.'

ಅವನು ನಗಲು ನೋಡಿದ. 'ರಕ್ತ ಒಗೀತೀಯ, ಹೇಲು ಒಗೀತೀಯ. ಇದ್ರಲ್ಲಿ ಏನಮ್ಮ ಅಂಥ ಕೊಳಕು?'

'ಒಗೆದಿದೀನಿ. ಇಪ್ಪತ್ತೊಂದು ವರ್ಷ. ಯಾರದ್ದೋ ಕೀವು, ಯಾರದ್ದೋ ವಾಂತಿ. ಒಂದು ದಿನ ಮೂಗು ಮುಚ್ಕೊಂಡಿಲ್ಲ. ಅದು ರೋಗಿಗಳ ಕೊಳೆ, ಅದಕ್ಕೆ ಸೋಪಿದೆ. ನನ್ ತಮ್ಮನಿಗೆ ಬೆಳಿಗ್ಗೆ ಆರಕ್ಕೆ ಒಂದು ಮಾತ್ರೆ ಕೊಡಕ್ಕೆ ಇವ್ರ ಹತ್ರ ಗತಿ ಇರ್ಲಿಲ್ಲ. ಇಂಥ ಬಟ್ಟೆ ಹೊಲಿಸಕ್ಕೆ ಗತಿ ಇತ್ತು. ಇದನ್ನ ಬಿಳಿ ಮಾಡಕ್ಕೆ ನಂಗೆ ಬರಲ್ಲ.'

'ತಲೆ ಕೆಟ್ಟಿದೆ ನಿಂಗೆ. ದುಃಖದಲ್ಲಿ ಮಾತಾಡ್ತಿದೀಯ.'

'ಹೌದು ಸಾರ್, ದುಃಖದಲ್ಲೇ ಮಾತಾಡ್ತಿದೀನಿ. ಇನ್ಯಾವಾಗ ಮಾತಾಡ್ಲಿ?'

ಅವನು ಬ್ಯಾನರನ್ನು ಎತ್ತಿ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅಜ್ಜಿಯ ಮೇಜಿನ ಮೇಲೆ ಎಸೆದ. 'ನೀನು ಒಗಿ ಅಜ್ಜಿ.' ಅಜ್ಜಿ ಅರೆಗಿವುಡಿ. ಬೇಕಾದಾಗ ಪೂರ್ತಿ ಕಿವುಡಿ. ಅವಳು ಬ್ಯಾನರನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿದಳು. ಅದು ನೆಲಕ್ಕೆ ಬಿತ್ತು. ಅವಳು ತನ್ನ ಪಾಡಿಗೆ ದಿಂಬಿನ ಚೀಲ ತೀಡುತ್ತಿದ್ದಳು.

ಸಂಜೆ ನನ್ನ ಹೆಸರನ್ನು ಹಾಜರಿಯಿಂದ ತೆಗೆದರು. ಗೇಟಿನ ಕಾವಲುಗಾರ ಕಣ್ಣೆತ್ತಿ ನೋಡಲಿಲ್ಲ. ಪಾಪ, ಅವನಿಗೂ ಸಂಸಾರವಿದೆ. ಬ್ಯಾನರನ್ನು ಯಾರೂ ಒಗೆಯಲಿಲ್ಲವಂತೆ. ಎರಡು ದಿನದಲ್ಲಿ ಹೊಸದನ್ನೇ ಮಾಡಿಸಿದರು. ಅದಕ್ಕೆ ಅನುದಾನವಿತ್ತು.

ಮೆರವಣಿಗೆಯ ದಿನ ನಾನು ಬೀದಿಬದಿಯಲ್ಲಿ ನಿಂತಿದ್ದೆ. ನೋಡಬೇಕೆಂದು ಬಂದವಳಲ್ಲ. ಕೆಲಸ ಕೇಳಲು ಹೋಗುತ್ತಿದ್ದೆ, ದಾರಿ ಕಟ್ಟಿದ್ದರು. ಮುಂದೆ ವಾದ್ಯ. ಹಿಂದೆ ಶಾಲೆಯ ಮಕ್ಕಳು, ಬಿಸಿಲಿಗೆ ಕೆಂಪಾದ ಮುಖ. ಆಮೇಲೆ ಅಧಿಕಾರಿಗಳು. ನೀರು ತರಿಸಿದ್ದ ಅಧಿಕಾರಿ ನನ್ನನ್ನು ಕಂಡು ಟೋಪಿಯನ್ನು ಹಣೆಗೆ ಎಳೆದುಕೊಂಡ. ಕೊನೆಯ ಸಾಲಿನಲ್ಲಿ ದೊಡ್ಡ ಕೇಂದ್ರದಿಂದ ಕರೆತಂದ ರೋಗಿಗಳು. 'ನಾನು ಗೆದ್ದೆ' ಎಂಬ ಅಂಗಿ ತೊಡಿಸಿದ್ದರು.

ಅವರಲ್ಲೊಬ್ಬ ಬಸ್ಸು ತೊಳೆಯುವವನು. ನರ್ಸಮ್ಮನ ಬೆಂಚಿನಲ್ಲಿ ತಮ್ಮನ ಪಕ್ಕ ಕೂರುತ್ತಿದ್ದವನು. ಕಾಲೆಳೆಯುತ್ತಿದ್ದ. ಬಿಸಿಲಿನಲ್ಲೂ ಹಲ್ಲು ಕಟಕಟ ಎನ್ನುತ್ತಿತ್ತು. ನನ್ನನ್ನು ನೋಡಿದ. ಸಾಲು ಬಿಟ್ಟು ಬಂದು ನನ್ನ ಪಕ್ಕದ ಕಲ್ಲಿನ ಮೇಲೆ ಕುಸಿದ.

'ಅಕ್ಕ, ನಾಲ್ಕು ದಿನದಿಂದ ಮದ್ದಿಲ್ಲ. ದಾಸ್ತಾನು ಬಂದಿಲ್ಲ ಅಂತಾರೆ. ನಡೆದ್ರೆ ಮೊದಲು ನಿಂಗೇ ಕೊಡ್ತೀವಿ ಅಂದ್ರು. ನಡೆಯಕ್ಕಾಗ್ತಿಲ್ಲ.' ನನ್ನ ಮುಂಗೈ ಹಿಡಿದುಕೊಂಡ. 'ಸಂಜೆ ಹೊತ್ತಿಗೆ ನಾನು ಮಾತ್ರೆಗೆ ಆ ಗೋದಾಮಿನ ಮೇಸ್ತ್ರಿ ಹತ್ರ ಹೋಗಿಬಿಡ್ತೀನಿ. ನಂಗೊತ್ತು. ನನ್ನ ಹಿಡ್ಕೋ.'

ಅವನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆ. ಭಾರವಿದ್ದ. ಒದ್ದೆ ಚಾದರ ಎತ್ತಿದ ತೋಳು ನನ್ನದು, ಎತ್ತಿತು. ಮೆರವಣಿಗೆ ಹೋದ ಕಡೆಗೆ ಬೆನ್ನು ಹಾಕಿ ನಡೆದೆವು. ಆಸ್ಪತ್ರೆ ಅರ್ಧ ಮೈಲಿ. ಮೂರು ಕಡೆ ಕೂತೆವು, ಒಂದು ಕಡೆ ಅವನು ವಾಂತಿ ಮಾಡಿದ. ಸೆರಗಿನಲ್ಲಿ ಒರೆಸಿದೆ.

ಗೇಟಿನ ಕಾವಲುಗಾರ ಅಡ್ಡ ಬಂದ. 'ನಿನ್ನ ಒಳಗೆ ಬಿಡಬಾರದು ಅಂತ ಹೇಳಿದಾರಕ್ಕ.'

'ನಾನು ಕೆಲಸಕ್ಕೆ ಬಂದಿಲ್ಲ. ರೋಗಿ ಕರ್ಕೊಂಡು ಬಂದಿದೀನಿ.'

ಅವನು ಆಚೀಚೆ ನೋಡಿ ಪಕ್ಕಕ್ಕೆ ಸರಿದ.

ತುರ್ತು ವಾರ್ಡಿನ ಮೇಜಿನ ಹಿಂದೆ ಒಬ್ಬಳು ಹೊಸ ಹುಡುಗಿ. ಅವನ ಅಂಗಿಯ ಮೇಲಿನ ಅಕ್ಷರ ಓದಿದಳು, ತೋಳಿನ ಗುರುತು ನೋಡಿದಳು. 'ಇಂಥವರನ್ನ ಇಲ್ಲಿ ತಗೊಳ್ಳಲ್ಲ. ದೊಡ್ಡ ಕೇಂದ್ರಕ್ಕೆ ಹೋಗ್ಬೇಕು.'

'ಅಲ್ಲಿಂದ್ಲೇ ಬಂದಿದಾನೆ.'

'ನಾನೇನ್ ಮಾಡ್ಲಿ ಅಮ್ಮ?'

ನಾನು ಅವನನ್ನು ಮೇಜಿನ ಎದುರು ನೆಲದ ಮೇಲೆ ಕೂರಿಸಿದೆ. ಪಕ್ಕದಲ್ಲಿ ಕೂತೆ. ಹಿಂದೆ ಜನ ಸೇರಿದರು. ಯಾರೋ ಬೈದರು. ಬಸ್ಸು ತೊಳೆಯುವವನ ತಲೆ ನನ್ನ ಹೆಗಲಿಗೆ ವಾಲಿತು. ಅವನ ಉಸಿರು ನನ್ನ ಕತ್ತಿಗೆ ಬಿಸಿಯಾಗಿ ತಾಗುತ್ತಿತ್ತು.

'ಏಳಮ್ಮ, ದಾರಿ ಬಿಡು,' ಎಂದಳು ಹುಡುಗಿ. 'ಇವನಿಗೆ ಏನಾಗಿದೆ ಅಂತ ನಾನು ಬರ್ಕೊಳ್ಳಲಿ?'

'ಬದುಕಿದಾನೆ,' ಎಂದೆ. 'ಮೊದಲು ಅದನ್ನ ಬರ್ಕೋ.'